ಸ್ತ್ರೀಯರ ಹಕ್ಕಿಗಾಗಿ ದೇಶದೇಶಗಳ ಕಾಣಿಕೆ

(ಸಭಾಕೂಟಗಳಲ್ಲಿಯೂ ಸ್ತ್ರೀಯರ ಕೂಟಗಳಲ್ಲಿಯೂ ಓದಿ ವಿಚಾರಿಸತಕ್ಕ ಪಾಠ)

ಓದತಕ್ಕ ವೇದಭಾಗಗಳು: ಅರಣ್ಯಕಾಂಡ 27:1-11, ಲೂಕ 8:1-3, ಅಪೊಸ್ತಲರ ಕೃತ್ಯಗಳು 6:1-7, 2 ಕೊರಿಂಥ 8ನೆಯ ಅಧ್ಯಾಯ.



ಸ್ತ್ರೀಯರಿಗೂ ಪುರುಷರಿಗೂ ಸಮಾನವಾದ ಹಕ್ಕುಗಳಿರಬೇಕೆಂತಲೂ, ಈ ಕಾರ್ಯಕ್ಕಾಗಿ ಐಶ್ವರ್ಯವುಳ್ಳ ರಾಜ್ಯಗಳು ಬಡರಾಜ್ಯಗಳಿಗೆ ಹಣಸಹಾಯ ಮಾಡಬೇಕೆಂತಲೂ ಹೇಳುವ ಮಾತು ಈ ಕಾಲದಲ್ಲಿ ನಮ್ಮ ಹಳ್ಳಿಗಳ ವರೆಗೂ ಬಂದು ಮುಟ್ಟಿದೆ. ಸ್ವಸಹಾಯ ಸಂಘದ ಕೂಟದಲ್ಲಿಯೂ ಗ್ರಾಮಸಭೆಯಲ್ಲಿಯೂ ಇದನ್ನು ಕೇಳುತ್ತೇವೆ. ಶಾಲೆಯ ಗೋಡೆಯ ಮೇಲಿನ ಬರಹದಲ್ಲಿಯೂ ಕಾಣುತ್ತೇವೆ. ಆದರೆ ಆದಿತ್ಯವಾರದ ಆರಾಧನೆ ಮುಗಿದ ಮೇಲೆ ನಮ್ಮವರು ಇದನ್ನು ಕುರಿತು ಮಾತಾಡುವಾಗ ಮೂರು ಬಗೆಯ ಉತ್ತರಗಳು ಹೊರಡುತ್ತವೆ. ಕೆಲವರು, ಇದು ಪರದೇಶದವರು ತಂದ ಹೊಸ ಮಾತು, ನಮ್ಮ ಮನೆಗಳಿಗೆ ಬೇಡ ಅನ್ನುತ್ತಾರೆ. ಕೆಲವರು, ಹಣ ಬರುವುದಾದರೆ ಬರಲಿ, ಮಾತು ಯಾವುದಾದರೇನು ಅನ್ನುತ್ತಾರೆ. ಉಳಿದವರು, ಇದು ಸರಕಾರದವರ ಕೆಲಸ, ಸಭೆಗೆ ಸಂಬಂಧವಿಲ್ಲ ಎಂದು ಎದ್ದು ಹೋಗುತ್ತಾರೆ. ಈ ಮೂರು ಉತ್ತರಗಳೂ ಸರಿಯಲ್ಲವೆಂದು ನಮಗೆ ತೋರುತ್ತದೆ. ಯಾಕೆ ಸರಿಯಲ್ಲವೆಂಬದನ್ನು ದೇವರ ವಾಕ್ಯದಿಂದಲೂ ನಡೆದ ಸಂಗತಿಗಳಿಂದಲೂ ಕ್ರಮವಾಗಿ ನೋಡೋಣ.

1. ದೇವರ ವಾಕ್ಯವು ತೋರಿಸುವುದು

ಮೊದಲನೆಯದಾಗಿ ಅರಣ್ಯಕಾಂಡದ ಭಾಗವನ್ನು ಓದಿರಿ. ಚಲ್ಪಹಾದನೆಂಬವನು ಗಂಡುಮಕ್ಕಳಿಲ್ಲದೆ ಅರಣ್ಯದಲ್ಲಿ ಸತ್ತನು. ಅವನಿಗೆ ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ ಎಂಬ ಐದು ಮಂದಿ ಹೆಣ್ಣುಮಕ್ಕಳಿದ್ದರು. ದೇಶವನ್ನು ಪಾಲುಮಾಡುವ ಸಮಯ ಹತ್ತಿರವಾದಾಗ ಇವರು ಮೋಶೆಯ ಮುಂದೆಯೂ ಯಾಜಕನ ಮುಂದೆಯೂ ಸರ್ವಸಭೆಯ ಮುಂದೆಯೂ ನಿಂತು, ತಮ್ಮ ತಂದೆಯ ಹೆಸರು ಅಳಿದುಹೋಗಬಾರದು, ತಮಗೂ ಭೂಮಿಯಲ್ಲಿ ಪಾಲು ಸಿಕ್ಕಬೇಕು ಎಂದು ಕೇಳಿಕೊಂಡರು. ಮೋಶೆಯು ಅವರನ್ನು ಗದರಿಸಲಿಲ್ಲ. ವ್ಯಾಜ್ಯವನ್ನು ಯೆಹೋವನ ಸನ್ನಿಧಿಗೆ ಒಯ್ದನು. ಅವರು ಕೇಳಿದ್ದು ನ್ಯಾಯವೆಂದು ದೇವರೇ ತೀರ್ಪು ಕೊಟ್ಟನು. ಸ್ತ್ರೀಯರ ಹಕ್ಕೆಂಬದು ನಿನ್ನೆ ಮೊನ್ನೆ ಹುಟ್ಟಿದ ಮಾತೆಂದು ಹೇಳುವವರು ಈ ಐದು ಹೆಸರುಗಳನ್ನು ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೇದು.

ಎರಡನೆಯದಾಗಿ ಲೂಕನ ಸುವಾರ್ತೆಯ ಭಾಗ. ನಮ್ಮ ಕರ್ತನು ಹನ್ನೆರಡು ಮಂದಿ ಶಿಷ್ಯರೊಂದಿಗೆ ಊರೂರು ಸಂಚರಿಸಿದನೆಂದು ನಮಗೆಲ್ಲರಿಗೂ ಗೊತ್ತು. ಆದರೆ ಆ ಸಂಚಾರದ ವೆಚ್ಚವು ಎಲ್ಲಿಂದ ಬಂತೆಂದು ಎಷ್ಟು ಮಂದಿ ಕೇಳಿದ್ದೇವೆ? ಮಗ್ದಲದ ಮರಿಯಳೂ, ಹೆರೋದನ ಮನೆವಾರ್ತೆಯವನಾದ ಕೂಜನ ಹೆಂಡತಿ ಯೋಹಾನಳೂ, ಸುಸನ್ನಳೂ, ಇನ್ನು ಅನೇಕ ಸ್ತ್ರೀಯರೂ ತಮ್ಮ ತಮ್ಮ ಆಸ್ತಿಯಿಂದ ಉಪಚಾರ ಮಾಡಿದರೆಂದು ಸುವಾರ್ತಿಕನು ಬರೆದಿದ್ದಾನೆ.

ಮೂರನೆಯದಾಗಿ ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯ. ಯೆರೂಸಲೇಮಿನ ಸಭೆಯಲ್ಲಿ ದಿನದಿನವೂ ಹಂಚಿಕೆ ನಡೆಯುತ್ತಿದ್ದಾಗ ಗ್ರೀಕ್ ಭಾಷೆಯವರ ವಿಧವೆಯರಿಗೆ ಸರಿಯಾಗಿ ಸಿಕ್ಕದೆ ಗುಣುಗುಟ್ಟುವಿಕೆ ಹುಟ್ಟಿತು. ಸಹಾಯಕ್ಕೆ ಏನೂ ಕೊರತೆ ಇರಲಿಲ್ಲ. ಹಂಚುವವರ ಕಣ್ಣಿಗೆ ಕೆಲವರು ಬೀಳಲಿಲ್ಲ, ಅಷ್ಟೇ. ಆಗ ಅಪೊಸ್ತಲರು ಏಳು ಮಂದಿಯನ್ನು ನೇಮಿಸಿದರು. ಆ ಏಳು ಹೆಸರುಗಳನ್ನು ಗಮನವಿಟ್ಟು ಓದಿರಿ: ಎಲ್ಲವೂ ಗ್ರೀಕ್ ಹೆಸರುಗಳೇ. ಯಾರ ವಿಧವೆಯರಿಗೆ ಕಡಿಮೆಯಾಗಿತ್ತೋ ಅವರ ಕಡೆಯವರ ಕೈಗೇ ಬಡಿಸುವ ಸೌಟು ಬಂತು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿರಿ. ಪಾಠದ ಕಡೆಯಲ್ಲಿ ಬೇಕಾಗುವುದು.

ನಾಲ್ಕನೆಯದಾಗಿ ಪೌಲನ ಪತ್ರಿಕೆಯ ಭಾಗ. ಮಕೆದೋನ್ಯ, ಅಖಾಯ ಎಂಬ ಸೀಮೆಗಳ ಸಭೆಗಳು ತಾವು ಎಂದೂ ಕಾಣದ ಯೂದಾಯದ ಬಡ ಸಹೋದರರಿಗಾಗಿ ಹಣ ಕೂಡಿಸಿದವು. ಭಾಷೆ ಬೇರೆ, ಕುಲ ಬೇರೆ, ಸಮುದ್ರ ನಡುವೆ. ಈ ಕೊಡುವಿಕೆಯ ಗುರಿ ಒಬ್ಬರ ಮೇಲೆ ಭಾರ ಹೊರಿಸುವುದಲ್ಲ, ಎಲ್ಲರಲ್ಲಿಯೂ ಸಮತ್ವ ಉಂಟಾಗುವುದೇ ಎಂದು ಅಪೊಸ್ತಲನು ಬೋಧಿಸುತ್ತಾನೆ. ಇಂದು ಇಲ್ಲದವನಿಗೆ ನಾಳೆ ಇರಬಹುದು, ಇಂದು ಇದ್ದವನು ನಾಳೆ ಕೇಳಬೇಕಾಗಬಹುದು. ಇದಲ್ಲದೆ, ಆ ಹಣವನ್ನು ಒಯ್ಯುವಾಗ ಯಾರೂ ತಪ್ಪು ಹೊರಿಸದಂತೆ ಸಭೆಗಳಿಂದಲೇ ಆರಿಸಿದವರನ್ನು ಜೊತೆಗೆ ಕರೆದುಕೊಂಡು ಹೋದನು. ದೇಶದಿಂದ ದೇಶಕ್ಕೆ ಸಹಾಯ ಹೋಗುವುದೂ, ಅದಕ್ಕೆ ಲೆಕ್ಕ ಕೊಡುವುದೂ ಸಭೆಯಷ್ಟೇ ಹಳೆಯದಾಗಿವೆ.

2. ವಾರಕ್ಕೆರಡು ಸೆಂಟುಗಳ ಕಥೆ

ಈಗ ನಮ್ಮ ದೇಶದ ಚರಿತ್ರೆಗೆ ಬರೋಣ. 1869ನೆಯ ಇಸವಿ ಮಾರ್ಚ್ ತಿಂಗಳಲ್ಲಿ ಅಮೇರಿಕಾದ ಬೋಸ್ಟನ್ ಪಟ್ಟಣದಲ್ಲಿ ಗಾಳಿಮಳೆಯ ಒಂದು ದಿನ ಎಂಟು ಮಂದಿ ಸ್ತ್ರೀಯರು ಕೂಡಿಬಂದರು. ಹಿಂದೂಸ್ಥಾನದಲ್ಲಿ ಸ್ತ್ರೀಯರು ಓದಲಾರದೆಯೂ ವೈದ್ಯರ ಮುಂದೆ ಬರಲಾರದೆಯೂ ಇರುವ ಸ್ಥಿತಿಯನ್ನು ಕಣ್ಣಾರೆ ಕಂಡುಬಂದಿದ್ದ ಇಬ್ಬರು ಮಿಶನೆರಿಗಳ ಹೆಂಡತಿಯರು ಅವರಿಗೆ ವಿವರಿಸಿದರು. ಹೀಗೆ ಮೆಥೊಡಿಸ್ಟ್ ಸಭೆಯ ಸ್ತ್ರೀಯರ ಪರದೇಶ ಮಿಶನ್ ಸಂಘವು ಹುಟ್ಟಿತು. ಚಂದಾ ವರುಷಕ್ಕೆ ಒಂದು ಡಾಲರ್, ಅಂದರೆ ವಾರಕ್ಕೆ ಎರಡು ಸೆಂಟು. ಅದರೊಂದಿಗೆ ಒಂದು ಪ್ರಾರ್ಥನೆ. ಸೆಂಟ್ ಎಂಬದು ಡಾಲರಿನ ನೂರನೆಯ ಒಂದು ಪಾಲು. ಹೊಲಿಗೆಯವಳೂ ಕೂಲಿಯವನ ಹೆಂಡತಿಯೂ ಕೊಡಬಲ್ಲಷ್ಟು ಚಿಕ್ಕ ಚಂದಾ ಅದು.

ಅಲ್ಲಿ ಒಂದು ತೊಡಕು ಬಂತು. ಆ ಸಭೆಯ ದೊಡ್ಡ ಮಿಶನ್ ಮಂಡಲಿಯ ಕಾರ್ಯದರ್ಶಿಗಳು, ಸ್ತ್ರೀಯರು ಹಣ ಕೂಡಿಸಲಿ, ಅದನ್ನು ವೆಚ್ಚಮಾಡುವ ಆಡಳಿತವನ್ನು ಮಂಡಲಿಗೆ ಬಿಡಲಿ ಎಂದು ಸೂಚಿಸಿದರು. ಸ್ತ್ರೀಯರು ವಿನಯದಿಂದ, ಆದರೆ ದೃಢವಾಗಿ, ಅದಕ್ಕೆ ಒಪ್ಪಲಿಲ್ಲ. ತಾವು ಕೂಡಿಸಿದ ಹಣದಿಂದ ಯಾರನ್ನು ಕಳುಹಿಸಬೇಕು, ಯಾವ ಕೆಲಸ ನಡಿಸಬೇಕು ಎಂಬದನ್ನು ತಾವೇ ನಿಶ್ಚಯಿಸಿದರು. ಅದೇ ವರುಷ ಇಸಬೆಲ್ಲಾ ಥೋಬರ್ನ್ ಎಂಬ ಉಪಾಧ್ಯಾಯಿನಿಯೂ ಕ್ಲಾರಾ ಸ್ವೇನ್ ಎಂಬ ವೈದ್ಯಳೂ ಹಡಗನ್ನೇರಿ 1870ರ ಆರಂಭದಲ್ಲಿ ಈ ದೇಶಕ್ಕೆ ಬಂದರು.

ಥೋಬರ್ನಮ್ಮನವರು ಲಕ್ನೋ ಪಟ್ಟಣದ ಬಜಾರಿನ ಒಂದು ಕೋಣೆಯಲ್ಲಿ ಆರು ಹುಡುಗಿಯರಿಂದ ಶಾಲೆಯನ್ನು ತೆರೆದರು. 1886ರಲ್ಲಿ ಅದರಿಂದ ಸ್ತ್ರೀಯರ ಕಾಲೇಜು ಬೆಳೆಯಿತು. ಈಗಲೂ ಅದು ಅವರ ಹೆಸರಿನಿಂದ ನಡೆಯುತ್ತಿದೆ. ಸ್ವೇನಮ್ಮನವರು ಬರೇಲಿಯಲ್ಲಿ ವೈದ್ಯಕೆಲಸವನ್ನು ಆರಂಭಿಸಿದರು. ಅವರಿಗೆ ಆಸ್ಪತ್ರೆಗಾಗಿ ಭೂಮಿಯನ್ನೂ ಕಟ್ಟಡವನ್ನೂ 1871ರಲ್ಲಿ ದಾನಕೊಟ್ಟವರು ರಾಂಪುರದ ನವಾಬರು. ಬೋಸ್ಟನಿನ ಬಡಸ್ತ್ರೀಯ ಸೆಂಟೂ ಮುಸಲ್ಮಾನ ಅರಸರ ಭೂಮಿಯೂ ಕೂಡಿ ಹಿಂದೂ ಮುಸಲ್ಮಾನ ಕ್ರೈಸ್ತ ಸ್ತ್ರೀಯರ ಆಸ್ಪತ್ರೆಯಾಯಿತು. ದೇಶದೇಶಗಳ ಸಹಕಾರವೆಂದರೆ ಒಂದೇ ಕಡೆಯಿಂದ ನೀರು ಹರಿಯುವ ಕಾಲುವೆಯಲ್ಲವೆಂದು ಇದರಿಂದ ತಿಳಿಯಬೇಕು.

ಮತ್ತೊಂದು ಸಂಗತಿಯನ್ನೂ ಹೇಳಬೇಕು. ಲಕ್ನೋ ಕಾಲೇಜಿನಲ್ಲಿ ಓದಿ ಅಲ್ಲಿಯೇ ಉಪಾಧ್ಯಾಯಿನಿಯಾದ ಲೀಲಾವತಿ ಸಿಂಗರು ಥೋಬರ್ನಮ್ಮನವರೊಂದಿಗೆ ಅಮೇರಿಕಾಕ್ಕೆ ಹೋಗಿ 1900ರಲ್ಲಿ ನ್ಯೂಯಾರ್ಕಿನ ಮಿಶನ್ ಮಹಾಸಭೆಯಲ್ಲಿ ಮಾತಾಡಿದರು. ಸಹಾಯ ಪಡೆದ ಸ್ತ್ರೀಯು ಮೂಕಳಾಗಿ ಕೈಯೊಡ್ಡಿ ನಿಲ್ಲದೆ, ಕೊಡುವವರ ಮುಂದೆ ನಿಂತು ತನ್ನ ದೇಶದ ಸ್ತ್ರೀಯರ ವಿಷಯವನ್ನು ತಾನೇ ಹೇಳಿದಳು. ಕೊಟ್ಟವರ ಎರಡು ಸೆಂಟುಗಳು ಬರಿದಾಗಿ ಹೋಗಲಿಲ್ಲವೆಂಬದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

3. ವೆಲ್ಲೂರಿನ ದೃಷ್ಟಾಂತ

ಇಡಾ ಸ್ಕಡ್ಡರ್ ಎಂಬವರ ಹೆಸರನ್ನು ನಮ್ಮ ಸಭೆಗಳಲ್ಲಿ ಬಹಳ ಮಂದಿ ಕೇಳಿದ್ದಾರೆ. ಇವರು 1870ರಲ್ಲಿ ರಾಣಿಪೇಟೆಯಲ್ಲಿ ಮಿಶನೆರಿ ವೈದ್ಯರ ಮಗಳಾಗಿ ಹುಟ್ಟಿದರು. ಯೌವನದಲ್ಲಿ ತಿಂಡಿವನದ ತಮ್ಮ ತಂದೆಯ ಮನೆಯಲ್ಲಿದ್ದಾಗ ಒಂದೇ ರಾತ್ರಿ ಮೂರು ಮಂದಿ ಗಂಡಸರು ಒಬ್ಬರ ಹಿಂದೊಬ್ಬರಾಗಿ ಬಂದು, ಹೆರಿಗೆಯ ಬೇನೆಯಲ್ಲಿರುವ ತಮ್ಮ ಹೆಂಡತಿಗೆ ಸಹಾಯಮಾಡಬೇಕೆಂದು ಬೇಡಿದರು. ತಂದೆ ಬರುವನೆಂದರೆ, ಗಂಡಸು ವೈದ್ಯನು ಒಳಗೆ ಬರಬಾರದೆಂದು ಹಿಂದಿರುಗಿದರು. ಬೆಳಗಾಗುವಷ್ಟರಲ್ಲಿ ಆ ಮೂವರು ಸ್ತ್ರೀಯರೂ ಸತ್ತಿದ್ದರು. ಇಡಾ ಅಮ್ಮನವರು ಅಮೇರಿಕಾಕ್ಕೆ ಹೋಗಿ ವೈದ್ಯಶಾಸ್ತ್ರವನ್ನು ಕಲಿತು, ನ್ಯೂಯಾರ್ಕಿನ ಶೆಲ್ ಎಂಬ ಬ್ಯಾಂಕಿನವರು ತೀರಿಹೋದ ತಮ್ಮ ಹೆಂಡತಿಯ ನೆನಪಿಗಾಗಿ ಕೊಟ್ಟ ಹತ್ತು ಸಾವಿರ ಡಾಲರ್‌ಗಳೊಂದಿಗೆ 1900ರಲ್ಲಿ ತಿರುಗಿ ಬಂದರು. ಆ ಹಣದ ಆಸ್ಪತ್ರೆಯು ವೆಲ್ಲೂರಿನಲ್ಲಿ 1902ರಲ್ಲಿ ತೆರೆಯಲ್ಪಟ್ಟಿತು.

ಆದರೆ ಒಬ್ಬ ವೈದ್ಯಳು ಎಷ್ಟು ಮನೆಗಳಿಗೆ ಹೋದಾಳು? ಆದಕಾರಣ 1918ರಲ್ಲಿ ಈ ದೇಶದ ಹುಡುಗಿಯರನ್ನೇ ವೈದ್ಯರನ್ನಾಗಿ ಮಾಡುವ ಶಾಲೆಯು ಆರಂಭವಾಯಿತು. ಅನೇಕ ಮಿಶನ್ ಸಂಘಗಳು ಕೂಡಿ ಇದನ್ನು ಹೊತ್ತವು. 1922ರಲ್ಲಿ ಮೊದಲಿನ 14 ಮಂದಿ ವಿದ್ಯಾರ್ಥಿನಿಯರು ಓದು ಮುಗಿಸಿ ಹೊರಬಂದರು. ಇದಕ್ಕೂ ಮುಂಚೆ 1915ರಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ಅಮೇರಿಕಾ, ಕೆನಡಾ ದೇಶಗಳ ಹನ್ನೆರಡು ಮಿಶನ್ ಸಂಘಗಳು ಕೂಡಿ ಮದ್ರಾಸಿನಲ್ಲಿ ಸ್ತ್ರೀಯರ ಕ್ರೈಸ್ತ ಕಾಲೇಜನ್ನು ಸ್ಥಾಪಿಸಿದ್ದವು. ನಮ್ಮ ಕನ್ನಡ ಸೀಮೆಯಲ್ಲಿಯೂ ವೆಸ್ಲಿಯನ್ ಮಿಶನಿನವರು 1906ರಲ್ಲಿ ಮೈಸೂರಿನಲ್ಲಿ ಮೇರಿ ಹೋಲ್ಡ್ಸ್‌ವರ್ತ್ ಅವರ ಹೆಸರಿನ ಆಸ್ಪತ್ರೆಯನ್ನು ತೆರೆದರು.

ಇಂಥ ವಿದ್ಯಾಲಯಗಳಿಗೆ ಕಟ್ಟಡಗಳು ಬೇಕಾದಾಗ 1920ರ ನಂತರದ ವರುಷಗಳಲ್ಲಿ ಅಮೇರಿಕಾದ ಸಭಾಸ್ತ್ರೀಯರು ಏಷ್ಯಾಖಂಡದ ಏಳು ಸ್ತ್ರೀವಿದ್ಯಾಲಯಗಳಿಗಾಗಿ ಹಣ ಕೂಡಿಸಲು ಹೊರಟರು. ಆ ಏಳರಲ್ಲಿ ಲಕ್ನೋ, ಮದ್ರಾಸು, ವೆಲ್ಲೂರು ಈ ಮೂರು ನಮ್ಮ ದೇಶದವು; ಉಳಿದವು ಚೀನಾ ಜಪಾನ್ ದೇಶಗಳವು. ರಾಕ್‌ಫೆಲ್ಲರ್ ಮನೆತನದ ಧರ್ಮನಿಧಿಯವರು ಒಂದು ನಿಬಂಧನೆ ಹಾಕಿದರು: ಸ್ತ್ರೀಯರು ಇಪ್ಪತ್ತು ಲಕ್ಷ ಡಾಲರ್ ಕೂಡಿಸಿದರೆ ತಾವು ಹತ್ತು ಲಕ್ಷ ಕೊಡುವೆವು. ಸ್ತ್ರೀಯರು ಕೂಡಿಸಿದರು. ಐಶ್ವರ್ಯವಂತನ ಒಂದು ಪಾಲನ್ನು ಬಿಡಿಸಿದ್ದು ಅನೇಕರ ಎರಡು ಪಾಲುಗಳೇ.

4. ಎಲ್ಲಕ್ಕಿಂತ ಚಿಕ್ಕ ನಾಣ್ಯ

ಮೇಲೆ ಹೇಳಿದ ಸಂಗತಿಗಳಲ್ಲಿ ಹೆಚ್ಚು ಹಣವು ಪಶ್ಚಿಮದಿಂದ ಪೂರ್ವಕ್ಕೆ ಬಂತು. ಇದನ್ನು ಕೇಳಿ, ಕೊಡುವವರು ಅವರು, ತೆಗೆದುಕೊಳ್ಳುವವರು ನಾವು, ಇದೇ ನಮ್ಮ ಪಾಲು ಎಂದು ಯಾರಾದರೂ ಅಂದುಕೊಂಡಾರು. ಅಂಥವರು ಶಾಂತಿ ಸಾಲೊಮೋನ್ ಎಂಬ ಭಾರತೀಯ ಕ್ರೈಸ್ತ ಸಹೋದರಿಯ ಕಾರ್ಯವನ್ನು ತಿಳಿಯಬೇಕು.

1956ರಲ್ಲಿ ನಾನಾ ದೇಶಗಳ ಕ್ರೈಸ್ತ ಸ್ತ್ರೀಯರ ಚಿಕ್ಕ ತಂಡವೊಂದು, ಯುದ್ಧಗಳಿಂದ ಗಾಯಗೊಂಡಿದ್ದ ಏಷ್ಯಾಖಂಡದ ದೇಶಗಳಲ್ಲಿ ಸಮಾಧಾನದ ಸಂದೇಶ ಹೊತ್ತು ಸಂಚರಿಸಿತು. ಆ ತಂಡದಲ್ಲಿದ್ದ ಶಾಂತಿ ಅಮ್ಮನವರಿಗೆ ಕೊರಿಯ ದೇಶವನ್ನು ಪ್ರವೇಶಿಸಲು ಅಪ್ಪಣೆ ದೊರೆಯಲಿಲ್ಲ. ಸಂಗಡಿಗರು ಮುಂದೆ ಹೋದರು. ಇವರು ಫಿಲಿಪ್ಪೈನ್ಸ್ ದೇಶದಲ್ಲಿ ಹಿಂದುಳಿಯಬೇಕಾಯಿತು. ಗಡಿಗಳೂ ಅಪ್ಪಣೆಚೀಟಿಗಳೂ ಮನುಷ್ಯರನ್ನು ತಡೆಯಬಹುದು, ಪ್ರಾರ್ಥನೆಯನ್ನು ತಡೆಯಲಾರವು ಎಂಬ ಯೋಚನೆಯಿಂದ ಅವರು ಒಂದು ಕ್ರಮವನ್ನು ಸೂಚಿಸಿದರು. ಪ್ರತಿ ದೇಶದ ಕ್ರೈಸ್ತ ಸ್ತ್ರೀಯು ಸಮಾಧಾನಕ್ಕಾಗಿಯೂ ಒಬ್ಬರನ್ನೊಬ್ಬರು ಕ್ಷಮಿಸುವುದಕ್ಕಾಗಿಯೂ ಪ್ರಾರ್ಥಿಸುವಾಗಲೆಲ್ಲಾ ತನ್ನ ದೇಶದ ಎಲ್ಲಕ್ಕಿಂತ ಚಿಕ್ಕ ನಾಣ್ಯವೊಂದನ್ನು ಬೇರೆ ಇಡತಕ್ಕದ್ದು. ಇದಕ್ಕೆ ಅತಿ ಚಿಕ್ಕ ನಾಣ್ಯದ ಅನ್ಯೋನ್ಯತೆ ಎಂದು ಹೆಸರಾಯಿತು. ಈ ನಾಣ್ಯಗಳೆಲ್ಲಾ ಒಂದೇ ನಿಧಿಗೆ ಸೇರುತ್ತವೆ; ಸ್ತ್ರೀಯರ, ಮಕ್ಕಳ, ನೊಂದವರ ಕಾರ್ಯಗಳಿಗಾಗಿ ಅನೇಕ ದೇಶಗಳಿಗೆ ಅದರಿಂದ ಸಹಾಯ ಹೋಗುತ್ತದೆ.

ಈ ಕ್ರಮದ ಜ್ಞಾನವನ್ನು ನೋಡಿರಿ. ಐಶ್ವರ್ಯವಂತಳು ದೊಡ್ಡ ನೋಟನ್ನು ಹಾಕಿ ಮೊದಲನೆಯ ಪೀಠದಲ್ಲಿ ಕೂತುಕೊಳ್ಳಲಾರಳು. ಬಡವಳು ನಾಚಿ ಬಾಗಿಲ ಬಳಿಯಲ್ಲಿ ನಿಲ್ಲಬೇಕಾಗಿಲ್ಲ. ಅಮೇರಿಕಾದವಳಿಗೂ ಒಂದು ಚಿಕ್ಕ ನಾಣ್ಯ, ಆಫ್ರಿಕಾದವಳಿಗೂ ಒಂದು, ನಮ್ಮ ಹಳ್ಳಿಯವಳಿಗೂ ಒಂದು. ನಮ್ಮ ದೇಶದಲ್ಲಿ 2011ರ ಜೂನ್ ತಿಂಗಳ ಕಡೆಗೆ ಇಪ್ಪತ್ತೈದು ಪೈಸೆಯೂ ಅದಕ್ಕಿಂತ ಚಿಕ್ಕವೂ ಚಲಾವಣೆಯಿಂದ ತೆಗೆಯಲ್ಪಟ್ಟವು. ಹೀಗಿರಲಾಗಿ ಕಾನೂನಿನಂತೆ ಎಂಟಾಣೆಯೇ ನಮ್ಮ ಅತಿ ಚಿಕ್ಕ ನಾಣ್ಯ. ಅಂಗಡಿಯವನು ಅದನ್ನು ತೆಗೆದುಕೊಳ್ಳಲು ಮುಖ ಸಿಂಡರಿಸಿದರೂ ಕರ್ತನ ಕಣ್ಣಿನಲ್ಲಿ ಅದು ಸಣ್ಣದಲ್ಲ. ದೇವಾಲಯದ ಬೊಕ್ಕಸದ ಎದುರಿಗೆ ಕೂತುಕೊಂಡು ವಿಧವೆಯ ಎರಡು ಕಾಸುಗಳನ್ನು ಆತನು ಲೆಕ್ಕಿಸಿದ್ದನ್ನು ನಾವು ಬಲ್ಲೆವು.

5. ರಾಜ್ಯಗಳು ಕೊಡುವ ಹಣ

ಸಭೆಗಳ ಕಾಣಿಕೆಯಂತೆ ರಾಜ್ಯಗಳ ಕಾಣಿಕೆಯೂ ಉಂಟು. 1945ರಲ್ಲಿ ಸ್ಥಾಪಿತವಾದ ಸಂಯುಕ್ತ ರಾಷ್ಟ್ರಸಂಘವು ತನ್ನ ಸನ್ನದಿನಲ್ಲಿಯೇ ಸ್ತ್ರೀಪುರುಷರ ಸಮಾನ ಹಕ್ಕುಗಳನ್ನು ಒಪ್ಪಿಕೊಂಡಿತು. 1948ರಲ್ಲಿ ಮನುಷ್ಯರ ಹಕ್ಕುಗಳ ಘೋಷಣೆಯನ್ನು ಬರೆಯುವಾಗ, ಪುರುಷರೆಲ್ಲರು ಎಂಬ ಅರ್ಥ ಬರುವ ಮಾತನ್ನು ತೆಗೆಸಿ ಮನುಷ್ಯರೆಲ್ಲರು ಎಂದು ಬರೆಯಿಸಲು ಹೋರಾಡಿದವರು ನಮ್ಮ ದೇಶದ ಹಂಸಾ ಮೆಹ್ತಾ ಅವರು. ಇದು ಪರದೇಶದವರ ಮಾತೆಂದು ಹೇಳುವವರಿಗೆ ಈ ಒಂದು ಸಂಗತಿಯೇ ಉತ್ತರ. 1976ರಲ್ಲಿ ಸ್ತ್ರೀಯರ ಅಭಿವೃದ್ಧಿಗಾಗಿ ರಾಷ್ಟ್ರಸಂಘದಲ್ಲಿ ಒಂದು ನಿಧಿ ಏರ್ಪಟ್ಟಿತು. 1979ರಲ್ಲಿ ಸ್ತ್ರೀಯರ ವಿಷಯದ ಭೇದಭಾವವನ್ನೆಲ್ಲಾ ತೆಗೆಯುವ ಒಡಂಬಡಿಕೆಯಾಯಿತು. ನಮ್ಮ ದೇಶವು 1993ರಲ್ಲಿ ಅದನ್ನು ಸ್ಥಿರಪಡಿಸಿತು. 2010ರಲ್ಲಿ ಆ ನಿಧಿಯೂ ಬೇರೆ ಮೂರು ಶಾಖೆಗಳೂ ಕೂಡಿ ಯು.ಎನ್. ವಿಮೆನ್ ಎಂಬ ಒಂದೇ ಸಂಸ್ಥೆಯಾದವು.

ಐಶ್ವರ್ಯವುಳ್ಳ ರಾಜ್ಯವು ಎಷ್ಟು ಕೊಡಬೇಕು? ಇದಕ್ಕೆ ಮೊದಲು ಒಂದು ಅಳತೆಯನ್ನು ಸೂಚಿಸಿದ್ದು ಸಭೆಗಳೇ ಎಂದರೆ ನಿಮಗೆ ಆಶ್ಚರ್ಯವಾದೀತು. 1958ರಲ್ಲಿ ಸಭೆಗಳ ಲೋಕಸಮಿತಿಯು, ಐಶ್ವರ್ಯವುಳ್ಳ ದೇಶಗಳು ತಮ್ಮ ವರಮಾನದ ನೂರರಲ್ಲಿ ಒಂದು ಪಾಲನ್ನು ಬಡದೇಶಗಳಿಗಾಗಿ ಕೊಡಬೇಕೆಂದು ರಾಷ್ಟ್ರಸಂಘದ ಪ್ರತಿನಿಧಿಗಳಿಗೆಲ್ಲಾ ತಿಳಿಸಿತು. ಮುಂದೆ 1970ರಲ್ಲಿ ರಾಷ್ಟ್ರಸಂಘವು ಸರಕಾರಗಳ ಪಾಲಿಗೆ ಬೇರೆ ಗುರಿಯನ್ನಿಟ್ಟಿತು: ನೂರು ರೂಪಾಯಿ ವರಮಾನಕ್ಕೆ ಎಪ್ಪತ್ತು ಪೈಸೆ. 2024ರಲ್ಲಿ ಕೊಡುವ ರಾಜ್ಯಗಳೆಲ್ಲಾ ಸೇರಿ ಕೊಟ್ಟದ್ದು ನೂರು ರೂಪಾಯಿಗೆ ಸುಮಾರು ಮೂವತ್ತಮೂರು ಪೈಸೆ. ಎಪ್ಪತ್ತು ಪೈಸೆಯ ಗುರಿಯನ್ನು ಆ ವರುಷ ಮುಟ್ಟಿದವು ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಲಕ್ಸೆಂಬರ್ಗ್ ಈ ನಾಲ್ಕೇ ರಾಜ್ಯಗಳು.

ಈ ಹಣದಲ್ಲಿ ಸ್ತ್ರೀಯರ ಪಾಲೆಷ್ಟು? 2020-21ರ ಲೆಕ್ಕದಂತೆ, ಹೀಗೆ ವಿಂಗಡಿಸತಕ್ಕ ಸಹಾಯದ ನೂರು ರೂಪಾಯಿಗಳಲ್ಲಿ ಸುಮಾರು 44 ರೂಪಾಯಿ ಹೋದ ಕೆಲಸಗಳಲ್ಲಿ ಸ್ತ್ರೀಸಮಾನತೆಯೂ ಒಂದು ಉದ್ದೇಶವಾಗಿತ್ತು. ಅದೇ ಮುಖ್ಯ ಉದ್ದೇಶವಾಗಿದ್ದ ಕೆಲಸಗಳಿಗೆ ಹೋದದ್ದು ಸುಮಾರು 4 ರೂಪಾಯಿ. ಸ್ತ್ರೀಯರು ತಾವೇ ಕಟ್ಟಿ ತಾವೇ ನಡಿಸುವ ಹಕ್ಕಿನ ಸಂಘಗಳ ಕೈಗೆ ಬಂದದ್ದು ಒಂದು ರೂಪಾಯಿಗಿಂತಲೂ ಕಡಿಮೆ. ಯೆರೂಸಲೇಮಿನ ವಿಧವೆಯರ ಸಂಗತಿಯನ್ನು ಇಲ್ಲಿ ನೆನಸಿಕೊಳ್ಳಿರಿ. ಹಂಚಿಕೆ ಇದೆ, ಹೆಸರೂ ಇದೆ. ಆದರೆ ಸೌಟು ಇನ್ನೂ ಬೇರೆಯವರ ಕೈಯಲ್ಲಿದೆ.

6. ಮೂರು ಎಚ್ಚರಿಕೆಗಳು

ಮೊದಲನೆಯ ಎಚ್ಚರಿಕೆ: ಪರದೇಶದ ಹಣವು ಬಂದಂತೆಯೇ ನಿಂತೂ ಹೋಗುವುದು. 1961ರಲ್ಲಿ ಸ್ಥಾಪಿತವಾಗಿ ಲೋಕದಲ್ಲೆಲ್ಲಾ ಬಹು ದೊಡ್ಡ ಸಹಾಯವನ್ನು ಹಂಚುತ್ತಿದ್ದ ಅಮೇರಿಕಾ ಸರಕಾರದ ಯು.ಎಸ್.ಏಡ್ ಎಂಬ ಇಲಾಖೆಯು 2025ನೆಯ ಜುಲೈ 1ನೆಯ ತಾರೀಖಿನಿಂದ ತನ್ನ ಕೆಲಸವನ್ನು ನಿಲ್ಲಿಸಿತು. ಬ್ರಿಟನ್ ಸರಕಾರವು ತನ್ನ ಪಾಲನ್ನು ನೂರಕ್ಕೆ ಐವತ್ತು ಪೈಸೆಯಿಂದ 2027ರ ಹೊತ್ತಿಗೆ ಮೂವತ್ತಕ್ಕೆ ಇಳಿಸುವೆನೆಂದು 2025ರ ಫೆಬ್ರವರಿಯಲ್ಲಿ ತಿಳಿಸಿತು. ಒಂದು ದೇಶದ ಚುನಾವಣೆಯ ಗಾಳಿಯು ಮತ್ತೊಂದು ದೇಶದ ಹೆರಿಗೆಕೋಣೆಯ ದೀಪವನ್ನು ಆರಿಸಬಲ್ಲದು. ಬಾವಿ ಪರರ ಹಿತ್ತಲಲ್ಲಿದ್ದರೆ ಹಗ್ಗವೂ ಅವರದೇ.

ಎರಡನೆಯ ಎಚ್ಚರಿಕೆ: ನಮ್ಮ ದೇಶದ ಕಾನೂನನ್ನು ತಿಳಿದು ನಡೆಯಬೇಕು. ಪರದೇಶದ ದೇಣಿಗೆಯನ್ನು ಕುರಿತ 2010ರ ಕಾಯಿದೆಯು 2020ರಲ್ಲಿ ತಿದ್ದಲ್ಪಟ್ಟಿತು. ಅದರಂತೆ ನೋಂದಣಿ ಪಡೆದ ಸಂಸ್ಥೆಯು ದೇಣಿಗೆಯನ್ನು ದಿಲ್ಲಿಯಲ್ಲಿರುವ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಯಲ್ಲಿಯೇ ತೆಗೆದುಕೊಳ್ಳಬೇಕು. ಅದನ್ನು ಬೇರೊಂದು ಸಂಸ್ಥೆಗೆ ದಾಟಿಸಬಾರದು. ಆಡಳಿತದ ವೆಚ್ಚವು ನೂರಕ್ಕೆ ಇಪ್ಪತ್ತನ್ನು ಮೀರಬಾರದು. ದೊಡ್ಡ ಸಂಸ್ಥೆಯು ತೆಗೆದುಕೊಂಡು ಹಳ್ಳಿಯ ಚಿಕ್ಕ ಸಂಘಕ್ಕೆ ಕೊಡುವ ಹಿಂದಿನ ಮಾರ್ಗವು ಹೀಗೆ ಮುಚ್ಚಿತು. ಆದಕಾರಣ ಯಾರಾದರೂ ನಿಮ್ಮ ಸ್ತ್ರೀಸಂಘದ ಹೆಸರಿನಲ್ಲಿ ಪರದೇಶದ ಹಣ ತರಿಸಿಕೊಡುವೆನೆಂದು ಬಂದು ರುಜು ಕೇಳಿದರೆ, ಕಾಗದವನ್ನು ತಿಳಿದವರಿಂದ ಓದಿಸದೆ ರುಜು ಹಾಕಬೇಡಿರಿ.

ಮೂರನೆಯ ಎಚ್ಚರಿಕೆ: ಹಣವು ಸ್ತ್ರೀಯರ ಹೆಸರಿನಲ್ಲಿ ಬಂದು ಸ್ತ್ರೀಯರಿಗೆ ತಿಳಿಯದೆ ವೆಚ್ಚವಾಗುವುದು. ಹೊಲಿಗೆಯಂತ್ರಗಳು ಬಂದವು ಅನ್ನುತ್ತಾರೆ. ಯಾವ ಊರಿಗೆ ಎಷ್ಟು ಬಂದವೆಂದು ಹೊಲಿಯುವವಳಿಗೆ ಗೊತ್ತಿಲ್ಲ. ಪೌಲನು ಲೆಕ್ಕಕ್ಕಾಗಿ ಸಭೆಯವರನ್ನು ಜೊತೆಗೆ ಕರೆದುಕೊಂಡು ಹೋದದ್ದು ಯಾರ ಮೇಲೂ ಅಪನಂಬಿಕೆಯಿಂದಲ್ಲ. ದೇವರ ಮುಂದೆ ಮಾತ್ರವಲ್ಲದೆ ಮನುಷ್ಯರ ಮುಂದೆಯೂ ಕೆಲಸವು ಶುದ್ಧವಾಗಿ ಕಾಣಬೇಕೆಂದು ಹಾಗೆ ಮಾಡಿದನು. ಪ್ರಾಮಾಣಿಕನಾದ ಖಜಾಂಚಿಯು ಲೆಕ್ಕ ಕೇಳಿದರೆ ಕೋಪಗೊಳ್ಳುವುದಿಲ್ಲ.

7. ನಮ್ಮ ಸಭೆಗಳು ಮಾಡತಕ್ಕದ್ದು

ಹಾಗಾದರೆ ಹಳ್ಳಿಯ ಬಡಸಭೆ ಏನು ಮಾಡಬಲ್ಲದು? ನಾಲ್ಕು ಮಾತುಗಳನ್ನು ಹೇಳುತ್ತೇವೆ.

ಒಂದು. ನಮ್ಮ ಅನೇಕ ಮನೆಗಳಲ್ಲಿ ತಾಯಂದಿರು ಅಡಿಗೆಗೆ ಮೊದಲು ಒಂದು ಹಿಡಿ ಅಕ್ಕಿಯನ್ನೋ ರಾಗಿಯನ್ನೋ ಜೋಳವನ್ನೋ ಬೇರೆ ಮಡಕೆಗೆ ಹಾಕಿ ಕರ್ತನಿಗೆಂದು ಇಡುತ್ತಾರೆ. ಆ ಹಿಡಿಗಳಿಂದ ಎಷ್ಟೋ ಸಭೆಗಳ ದೀಪ ಉರಿದಿದೆ, ಛಾವಣಿ ನಿಂತಿದೆ. ಆದರೆ ಆ ಧಾನ್ಯವನ್ನು ಮಾರಿದ ಹಣದ ವಿಷಯ ನಿರ್ಣಯಿಸುವ ಸಮಿತಿಯಲ್ಲಿ ಹಿಡಿ ಎತ್ತಿಟ್ಟವಳಿಗೆ ಸ್ಥಳವಿದೆಯೋ? ಇಲ್ಲದಿದ್ದರೆ ಈ ವರುಷವೇ ಕೊಡಿರಿ. ಒಬ್ಬಳನ್ನು ಹೆಸರಿಗೆ ಕೂಡಿಸುವುದು ಸಾಲದು. ಲೆಕ್ಕದ ಪುಸ್ತಕ ಅವಳ ಕೈಗೂ ಬರಲಿ. ದಕ್ಷಿಣ ಇಂಡಿಯಾ ಸಭೆಯು 2013ರಲ್ಲಿ ಪುಷ್ಪಲಲಿತಾ ಅಮ್ಮನವರನ್ನು ನಂದ್ಯಾಲದ ಬಿಷಪರನ್ನಾಗಿ ಅಭಿಷೇಕಿಸಿತು. ಸ್ತ್ರೀಗೆ ಬಿಷಪರ ಪೀಠ ಸಿಕ್ಕಿರಲಾಗಿ ಹಳ್ಳಿಯ ಸಮಿತಿಯ ಚಾಪೆ ಸಿಕ್ಕಬಾರದೆಂಬದು ಯಾವ ನ್ಯಾಯ?

ಎರಡು. ಪರದೇಶದ ಹಣ ಬೇಡವಾದ ಹಕ್ಕೊಂದು ನಮ್ಮ ಮನೆಯೊಳಗೇ ಇದೆ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ, ಸಾಮಾನ್ಯವಾಗಿ ಕ್ರೈಸ್ತನೊಬ್ಬನು ಉಯಿಲು ಬರೆಯದೆ ತೀರಿಹೋದರೆ ಆಸ್ತಿಯ ಮೂರರಲ್ಲೊಂದು ಪಾಲು ವಿಧವೆಗೂ ಉಳಿದದ್ದು ಮಕ್ಕಳಿಗೂ ಸೇರುವುದು. ಮಗನೆಂತಲೂ ಮಗಳೆಂತಲೂ ಭೇದವಿಲ್ಲ. ತಿರುವಾಂಕೂರಿನ ಸೀಮೆಯಲ್ಲಿ 1916ರ ಬೇರೊಂದು ಕಾಯಿದೆಯು ಮಗಳಿಗೆ ಮಗನ ಪಾಲಿನ ಕಾಲುಭಾಗ ಇಲ್ಲವೆ ಐದು ಸಾವಿರ ರೂಪಾಯಿ, ಇವೆರಡರಲ್ಲಿ ಕಡಿಮೆಯಾದದ್ದನ್ನು ಮಾತ್ರ ಕೊಡುತ್ತಿತ್ತು. ಮೇರಿ ರಾಯ್ ಎಂಬ ಕ್ರೈಸ್ತ ಸ್ತ್ರೀಯು ಸುಪ್ರೀಂ ಕೋರ್ಟಿನ ವರೆಗೂ ಹೋಗಿ ವಾದಿಸಿದ ಮೇಲೆ 1986ರಲ್ಲಿ ಅಲ್ಲಿಯೂ ಸಮಪಾಲೇ ಎಂದು ತೀರ್ಪಾಯಿತು. ಚಲ್ಪಹಾದನ ಹೆಣ್ಣುಮಕ್ಕಳು ನಮ್ಮ ಕಾಲದಲ್ಲಿಯೂ ನ್ಯಾಯಾಸನದ ಮುಂದೆ ನಿಂತಿದ್ದಾರೆ. ಹೀಗಿದ್ದರೂ ಮದುವೆಯಲ್ಲಿ ಕೊಟ್ಟದ್ದೇ ಸಾಕೆಂದು ಹೇಳಿ, ಹಕ್ಕು ಬಿಟ್ಟುಕೊಟ್ಟೆನೆಂಬ ಕಾಗದಕ್ಕೆ ತಂಗಿಯ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಅಣ್ಣಂದಿರು ನಮ್ಮ ಸಭೆಗಳಲ್ಲಿ ಇಲ್ಲವೋ? ಅಂಥವನು ಮರುದಿನ ಕರ್ತನ ಭೋಜನಕ್ಕೆ ಬರುವಾಗ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಲಿ.

ಮೂರು. ಬರುವ ಸಹಾಯವನ್ನು ತಿರಸ್ಕರಿಸಬೇಡಿರಿ, ಅದರ ಮೇಲೆ ಒರಗಿಯೂ ಇರಬೇಡಿರಿ. ಸಹಾಯವು ಬಂದಾಗ ಅದನ್ನು ಸ್ಥಿರವಾದದ್ದಕ್ಕೆ ವೆಚ್ಚಮಾಡಿರಿ. ತಿಂದು ಮುಗಿಸುವ ಹಂಚಿಕೆಗಿಂತ, ಒಬ್ಬ ಹುಡುಗಿಯ ದಾದಿಯ ಶಿಕ್ಷಣ, ಒಬ್ಬ ವಿಧವೆಯ ಜಮೀನಿನ ಕಾಗದಪತ್ರ, ಒಂದು ಸಂಘದ ಲೆಕ್ಕ ಬರೆಯುವ ಕಲಿಕೆ ಮೇಲಾದವು. ವೆಲ್ಲೂರಿನಲ್ಲಿ 1922ರಲ್ಲಿ ಹೊರಬಂದ 14 ಮಂದಿಯ ವಿದ್ಯೆಯನ್ನು ಹಣ ನಿಂತರೂ ಯಾರೂ ಹಿಂದಕ್ಕೆ ತೆಗೆದುಕೊಳ್ಳಲಾರರು.

ನಾಲ್ಕು. ನಾವೂ ಕೊಡೋಣ. ತೆಗೆದುಕೊಳ್ಳುವ ಸಭೆಯಾಗಿಯೇ ಇರುವ ಸಭೆಯು ಮಗುವಾಗಿಯೇ ಇರುವುದು. ಮಕೆದೋನ್ಯದವರು ಬಹಳ ಬಡತನದಲ್ಲಿದ್ದೂ ತಮಗೂ ಈ ಕಾರ್ಯದಲ್ಲಿ ಪಾಲು ಬೇಕೆಂದು ಬೇಡಿಕೊಂಡರಲ್ಲವೇ? ಸ್ತ್ರೀಯರ ಕೂಟದ ಡಬ್ಬಿಯಲ್ಲಿ ಒಂದೊಂದು ಪ್ರಾರ್ಥನೆಗೆ ಒಂದೊಂದು ಚಿಕ್ಕ ನಾಣ್ಯ ಬೀಳಲಿ. ಗಂಡಂದಿರೂ ತಮ್ಮಂದಿರೂ ಹಾಕಲಿ. ವರುಷಾಂತ್ಯದಲ್ಲಿ ಅದನ್ನು ನಮಗಿಂತ ಕಷ್ಟದಲ್ಲಿರುವ ಸಹೋದರಿಯರಿಗಾಗಿ ಸಭಾಮಂಡಲಿಯ ಸ್ತ್ರೀಯರ ಸಂಘದ ಮೂಲಕ ಕ್ರಮವಾಗಿ ಸಲ್ಲಿಸಿ, ಎಷ್ಟು ಬಂತು ಎಷ್ಟು ಹೋಯಿತೆಂದು ಆರಾಧನೆಯಲ್ಲಿ ಓದಿಸಿರಿ.

ವಿಚಾರಿಸತಕ್ಕ ಪ್ರಶ್ನೆಗಳು

1. ಚಲ್ಪಹಾದನ ಹೆಣ್ಣುಮಕ್ಕಳು ಯಾರ ಯಾರ ಮುಂದೆ ನಿಂತರು? ನಮ್ಮ ಊರಿನಲ್ಲಿ ಹಾಗೆ ನಿಲ್ಲುವವಳಿಗೆ ಸಭೆಯವರು ಏನು ಹೇಳುತ್ತಾರೆ?

2. ಯೆರೂಸಲೇಮಿನ ಸಭೆಯು ಹಂಚಿಕೆಯ ತಪ್ಪನ್ನು ಹೇಗೆ ಸರಿಪಡಿಸಿತು?

3. ಬೋಸ್ಟನಿನ ಸ್ತ್ರೀಯರು ತಮ್ಮ ಹಣದ ಆಡಳಿತವನ್ನು ಬಿಟ್ಟುಕೊಡದೆ ಇದ್ದದ್ದು ಸರಿಯೋ? ಯಾಕೆ?

4. ಎಲ್ಲರೂ ಅತಿ ಚಿಕ್ಕ ನಾಣ್ಯವನ್ನೇ ಕೊಡಬೇಕೆಂಬ ಕ್ರಮದಿಂದ ಬಡವರಿಗೂ ಐಶ್ವರ್ಯವಂತರಿಗೂ ಯಾವ ಪ್ರಯೋಜನ?

5. ನಮ್ಮ ಸಭೆಗೆ ಹೊರಗಿನ ಸಹಾಯವು ನಾಳೆಯೇ ನಿಂತರೆ ಸ್ತ್ರೀಯರ ಯಾವ ಕೆಲಸ ನಿಲ್ಲುವುದು? ಯಾವುದನ್ನು ನಾವೇ ನಡಿಸಬಲ್ಲೆವು?

6. ನಿಮ್ಮ ಮನೆಯಲ್ಲಿ ಹೆಣ್ಣುಮಕ್ಕಳ ಪಾಲು ಯಾರ ಹೆಸರಿನಲ್ಲಿದೆ?

ಆರನೆಯ ಪ್ರಶ್ನೆಗೆ ಕೂಟದಲ್ಲಿ ಬಾಯಿಂದ ಉತ್ತರ ಕೊಡಬೇಕಾಗಿಲ್ಲ. ಮನೆಗೆ ಹೋಗಿ ಪೆಟ್ಟಿಗೆಯಲ್ಲಿರುವ ಕಾಗದಗಳನ್ನು ತೆಗೆದು ನೋಡಿ, ಹೆಂಡತಿಮಕ್ಕಳೊಂದಿಗೆ ಕೂತು ಮಾತಾಡಿದರೆ ಸಾಕು. ಸ್ತ್ರೀಯರ ಕಾಣಿಕೆಯಿಂದ ಉಪಚಾರ ಹೊಂದಿದ ನಮ್ಮ ಕರ್ತನು ನಮ್ಮ ಸಹೋದರಿಯರಿಗೆ ಸಲ್ಲತಕ್ಕದ್ದನ್ನು ಸಲ್ಲಿಸುವ ಮನಸ್ಸನ್ನೂ, ಕಾಣದ ದೇಶದವರ ಭಾರವನ್ನು ಹೊರುವ ಬಲವನ್ನೂ ನಮ್ಮ ಚಿಕ್ಕ ಸಭೆಗಳಿಗೆ ಅನುಗ್ರಹಿಸಲಿ. ಆಮೆನ್.